ಇಕ್ಕೂಗಿನ ಹೊಳೆ

ಘಟ್ಟದ ದಾರಿಯ ಕೊನೆಯ ತಿರುವು ದಾಟಿದ ಮೇಲೆ ಬಿದಿರುಮಾಳ ಕಣ್ಣಿಗೆ ಬೀಳುತ್ತದೆ. ಸುತ್ತಲೂ ಬೆಟ್ಟ, ನಡುವೆ ಬಟ್ಟಲಿನ ತಳದಂತೆ ಒಂದಿಷ್ಟು ಸಮನಾದ ನೆಲ, ಆ ನೆಲವನ್ನು ಸೀಳಿಕೊಂಡು ಹರಿಯುವ ಹೊಳೆ. ಹೊಳೆಯ ಈಚೆಗೆ ಊರು, ರಾಗಿ ಹೊಲ, ಅವರೆ ಸಾಲು. ಆಚೆಗೆ ಕಾಡು, ಕಾಡಿನ ನಡುವೆ ಬೆಟ್ಟದಾಚೆಯ ಹಟ್ಟಿಗಳಿಗೆ ಹೋಗುವ ಕಾಲುದಾರಿ. ಮೇಲಿನ ಹುಲ್ಲುಗಾವಲಿನಲ್ಲಿ ಹೊಳೆ ಹುಟ್ಟುವ ಜಾಗದಲ್ಲಿ ಅದನ್ನು ಒಂದು ಕುರಿಮರಿ ನೆಗೆದು ದಾಟಬಹುದು. ಅಲ್ಲಿಂದ ಇಳಿಯುತ್ತ ಎಡಬಲದ ಝರಿಗಳನ್ನೆಲ್ಲ ಸೇರಿಸಿಕೊಂಡು, ಊರಿಗೆ ಬರುವಷ್ಟರಲ್ಲಿ ಮೈದುಂಬಿಕೊಂಡು, ಊರು ದಾಟಿದ ಮೇಲೆ ಬಂಡೆಗಳ ನಡುವೆ ಧುಮುಕಿ ಕಣಿವೆಗೆ ಇಳಿದುಬಿಡುತ್ತದೆ. ಈಗ ಅದರ ಮೇಲೆ ಸಿಮೆಂಟಿನ ಸೇತುವೆ ಆಗಿದೆ. ಸೇತುವೆಯ ಪಕ್ಕದಲ್ಲಿ ನೆಟ್ಟಿರುವ ಹಳದಿ ಫಲಕದಲ್ಲಿ 'ಇಕ್ಕುಗ ಹಳ್ಳ' ಎಂದು ಬರೆದಿದೆ. ಬರೆದವನು ಊರಿನ ಯಾರನ್ನೂ ಕೇಳಿದಂತೆ ಕಾಣುವುದಿಲ್ಲ. ಹೊಳೆಯನ್ನು ಹಳ್ಳ ಮಾಡಿದ್ದನ್ನು ಕ್ಷಮಿಸಬಹುದು, ಬೇಸಿಗೆಯಲ್ಲಿ ಬಂದಿದ್ದನೋ ಏನೋ. ಹೆಸರನ್ನು ಕೆಡಿಸಿದ್ದಕ್ಕೆ ಮಾತ್ರ ನನಗೆ ಇಂದಿಗೂ ಸಿಟ್ಟಿದೆ.

ಹೆಸರಿನ ಬಗ್ಗೆ ಪಂಡಿತರೂ ತಮಗೆ ತೋಚಿದ್ದನ್ನು ಹೇಳಿದ್ದಾರೆ. ಒಬ್ಬರು ಇದು 'ಇಕ್ಕು' ಎಂಬ ಮಾತಿನಿಂದ ಬಂದದ್ದು, ಹಿಂದೆ ಇಲ್ಲಿ ದಾರಿಹೋಕರಿಗೆ ಅನ್ನ ಇಕ್ಕುವ ಛತ್ರವಿತ್ತು ಎಂದರು. ಈ ಕಾಡಿನಲ್ಲಿ ಛತ್ರ ಕಟ್ಟಿಸುವ ಪುಣ್ಯಾತ್ಮ ಯಾರಿದ್ದನೋ ನಾನರಿಯೆ. ಇನ್ನೊಬ್ಬರು ಕಣಿವೆಯ ಇಕ್ಕಟ್ಟಿನಿಂದ ಹೆಸರು ಹುಟ್ಟಿತು ಎಂದು ಸಾಧಿಸಿದರು. ಇಬ್ಬರೂ ಸೇತುವೆಯ ಪಕ್ಕದ ಮನೆಯಲ್ಲಿ ಒಂದು ಲೋಟ ಕಾಫಿ ಕುಡಿದು ಕೇಳಿದ್ದರೆ ಇಷ್ಟು ಶ್ರಮ ಬೇಕಿರಲಿಲ್ಲ. ಎರಡು ಕೆಲ, ಅಂದರೆ ಎರಡು ಬದಿ, ಸೇರಿ ಇಕ್ಕೆಲ ಆದ ಹಾಗೆ ಎರಡು ಕೂಗು ಸೇರಿ ಇಕ್ಕೂಗು. ಇದು ಇಕ್ಕೂಗಿನ ಹೊಳೆ. ಕೂಗಿದವಳು ಯಾರು, ಮೂರನೆಯ ಸಲ ಏಕೆ ಕೂಗಲಿಲ್ಲ ಎಂಬುದನ್ನು ಆ ಮನೆಯ ಗುರುಮಲ್ಲಮ್ಮ ನನಗೆ ಹೇಳಿದರು. ಅವರಿಗೆ ಅವರ ಅಜ್ಜಿ ಹೇಳಿದ್ದರಂತೆ. ಊರಿನಲ್ಲಿ ಬೇರೆಯವರನ್ನು ಕೇಳಿದರೂ ಕಥೆ ಹೆಚ್ಚುಕಡಿಮೆ ಇದೇ.

ಹಿಂದೆ ಒಮ್ಮೆ ಈ ಹೊಳೆಗೆ ಹಾಲ್ದೊರೆ ಎಂಬ ಹೆಸರಿತ್ತು ಎನ್ನುತ್ತಾರೆ. ಮೇಲಿನ ಬಂಡೆಗಳಿಂದ ನೊರೆ ಕಟ್ಟಿಕೊಂಡು ಹಾಲಿನ ತೊರೆಯಂತೆ ಬೆಳ್ಳಗೆ ಬೀಳುತ್ತಿದ್ದುದರಿಂದ ಆ ಹೆಸರು. ಆಗ ಸೇತುವೆ ಇರಲಿಲ್ಲ. ಬಿದಿರು ಕಟ್ಟಿ ಮಾಡಿದ ಒಂದು ತೆಪ್ಪವಿತ್ತು. ನೀರು ತೀರ ಇಳಿದ ಕಾಲದಲ್ಲಿ ಊರಿನಿಂದ ಸ್ವಲ್ಪ ಮೇಲಿರುವ ಸಾಲುಬಂಡೆಗಳ ಮೇಲೆ ಕಾಲಿಟ್ಟು ದಾಟುತ್ತಿದ್ದರು, ಉಳಿದಂತೆ ತೆಪ್ಪವೇ ಗತಿ. ಆಚೆ ದಡದಲ್ಲಿ ಬಿಟ್ಟರೆ ಆನೆ ತುಳಿದೀತು, ಇಲ್ಲವೆ ಕಳ್ಳರು ಹತ್ತಿ ಬಂದಾರು ಎಂಬ ಭಯದಿಂದ ತೆಪ್ಪವನ್ನು ಯಾವಾಗಲೂ ಊರ ಕಡೆಯ ದಡದಲ್ಲೇ ಕಟ್ಟುವುದು ಕಟ್ಟಳೆ. ಹೀಗಾಗಿ ಆಚೆಯಿಂದ ಬಂದವರು ದಡದಲ್ಲಿ ನಿಂತು ಕೂಗಬೇಕು. ಈಚೆ ದಡದ ಮೇಲೆ ಒಂದೇ ಒಂದು ಮನೆ. ಆ ಮನೆಯವರು ಕೂಗು ಕೇಳಿದ ಕೂಡಲೇ 'ಓ' ಎನ್ನಬೇಕು, ತೆಪ್ಪ ಬಿಚ್ಚಿಕೊಂಡು ಹೋಗಿ ಕರೆತರಬೇಕು. ಅದಕ್ಕಾಗಿ ಸುಗ್ಗಿಯಲ್ಲಿ ಊರಿನ ಪ್ರತಿ ಕಣದಿಂದ ಅವರಿಗೆ ಮೊರದ ತುಂಬ ರಾಗಿ ಸಲ್ಲುತ್ತಿತ್ತು. ಊರಿನವರು ಆ ಮನೆಯನ್ನು ಓಗೊಡುವ ಮನೆ ಎಂದು ಕರೆಯುತ್ತಿದ್ದರು.

ಆ ಮನೆಯಲ್ಲಿ ಕೆಂಡಗಣ್ಣ ಮತ್ತು ಅವನ ಹೆಂಡತಿ ಹೊನ್ನಾಜಿ ಇದ್ದರು. ಕೆಂಡಗಣ್ಣ ಮಾತು ಕಡಿಮೆಯ ಮನುಷ್ಯ. ತೆಪ್ಪ ನಡೆಸುವುದು ಅವನ ಕೆಲಸವಾದರೂ ಓಗೊಡುವುದು ಹೊನ್ನಾಜಿಯದೇ. ಅವಳ ದನಿ ಹೊಳೆ ಭೋರ್ಗರೆಯುವಾಗಲೂ ಆಚೆ ದಡಕ್ಕೆ ಸ್ಪಷ್ಟವಾಗಿ ಮುಟ್ಟುತ್ತಿತ್ತಂತೆ. ರಾಗಿ ಬೀಸುತ್ತಿರಲಿ, ಉಣ್ಣುತ್ತಿರಲಿ, ಯಾರೊಡನೆಯೋ ಜಗಳವಾಡುತ್ತಿರಲಿ, ಕೂಗು ಬಿದ್ದರೆ ಮೊದಲು 'ಓ' ಎಂದು ಆಮೇಲೆ ಉಳಿದದ್ದು. ತನ್ನ ಕಾಲದಲ್ಲಿ ಯಾರೂ ಆ ದಡದಲ್ಲಿ ನಿಂತು ಎರಡನೆಯ ಸಲ ಕೂಗಿದ್ದಿಲ್ಲ ಎಂಬುದು ಅವಳ ಜಂಬ. ಊರಿನ ಹೆಂಗಸರು ನೀರಿಗೆ ಬಂದಾಗ ಅವಳನ್ನು ಛೇಡಿಸುತ್ತಿದ್ದರು, ಕೋಗಿಲೆ ಕೂಗಿದರೂ ಓಗೊಡುತ್ತೀಯಲ್ಲೇ ಎಂದು. ಅವಳು ನಗುತ್ತಿರಲಿಲ್ಲ. ಕಾಡಿನಲ್ಲಿ ನಡೆದು ದಣಿದು ಬಂದವರಿಗೆ ಮೊದಲು ಬೇಕಾದದ್ದು ಈಚೆ ಒಬ್ಬರು ಇದ್ದಾರೆ ಎಂಬ ಧೈರ್ಯ, ತೆಪ್ಪ ಆಮೇಲೆ ಬಂದರೂ ನಡೆದೀತು ಎಂದು ಅವಳು ಹೇಳುತ್ತಿದ್ದಳಂತೆ.

ಇವರಿಗೆ ಒಬ್ಬಳೇ ಮಗಳು, ನೀಲಿ. ಗಂಡು ಮಕ್ಕಳಿಲ್ಲದ್ದರಿಂದ ಅಳಿಯನನ್ನು ಮನೆಗೇ ತಂದುಕೊಂಡು ತೆಪ್ಪವನ್ನು ಅವನ ಕೈಗೆ, ಓಗೊಡುವುದನ್ನು ಮಗಳ ಬಾಯಿಗೆ ಒಪ್ಪಿಸಬೇಕೆಂದು ಹೊನ್ನಾಜಿ ಲೆಕ್ಕ ಹಾಕಿಕೊಂಡಿದ್ದಳು. ಊರಿನಲ್ಲೇ ಒಬ್ಬ ಹುಡುಗನನ್ನು ಗೊತ್ತು ಮಾಡಿ ಮಾತನ್ನೂ ಆಡಿದ್ದಳು. ಆದರೆ ನೀಲಿಯ ಮನಸ್ಸು ಬೆಟ್ಟದಾಚೆಯ ಹಟ್ಟಿಯ ಒಬ್ಬ ಹುಡುಗನ ಮೇಲಿತ್ತು. ಅವರದೇ ಜನ, ಕುರಿ ಸಾಕಿ ಕಂಬಳಿ ನೇಯುವವರು. ಕಂಬಳಿ ಮಾರಲು ಬರುವಾಗ ಇದೇ ತೆಪ್ಪದಲ್ಲಿ ದಾಟಿದವನು. ಕುರಿಮಂದೆ ಬಿಟ್ಟು ಅತ್ತೆಯ ಮನೆಯಲ್ಲಿ ಕೂರಲು ಅವನು ಒಪ್ಪಲಿಲ್ಲ. ನೀಲಿಯೂ ಹಟ ಬಿಡಲಿಲ್ಲ. ಹಟ ಅವಳಿಗೆ ಬೇರೆಲ್ಲಿಂದಲೋ ಬಂದದ್ದಲ್ಲ, ತಾಯಿಯದೇ. ಕೆಂಡಗಣ್ಣ ಇಬ್ಬರ ನಡುವೆ ಏನೂ ಹೇಳಲಾರದೆ ಕೊನೆಗೆ ಮಗಳ ಕಡೆ ತಲೆಯಾಡಿಸಿದ. ಮದುವೆ ಆಯಿತು. ಮಗಳನ್ನು ಕಳಿಸುವ ದಿನ ಹೊನ್ನಾಜಿ ಗಂಡನ ಕೈಯಿಂದ ಗಳವನ್ನು ಕಸಿದುಕೊಂಡು ತಾನೇ ತೆಪ್ಪ ನಡೆಸಿದಳು. ಆಚೆ ದಡದಲ್ಲಿ ನೀಲಿ ಇಳಿದು ಕಾಲಿಗೆ ಬೀಳಲು ಬಗ್ಗಿದಾಗ ಹೊನ್ನಾಜಿ ತೆಪ್ಪವನ್ನು ಹಿಂದಕ್ಕೆ ತಳ್ಳಿ ಆ ಮಾತನ್ನು ಆಡಿಬಿಟ್ಟಳು.

"ಇವತ್ತು ನಾನೇ ದಾಟಿಸಿವ್ನಿ. ಇನ್ನ ಈ ದಡದಲ್ಲಿ ನಿಂತ್ಕಂಡು ನೀ ಎಷ್ಟು ಕೂಗುದ್ರೂವೆ ನಾ ಓ ಅನ್ನಕಿಲ್ಲ."

ಸಿಟ್ಟಿನಲ್ಲಿ ಆಡಿದ ಮಾತು. ಅದು ಬಾಯಿಂದ ಹೊರಬಿದ್ದಾಗಲೇ ತಪ್ಪಾಯಿತು ಅನ್ನಿಸಿತ್ತು ಎಂದು ಹೊನ್ನಾಜಿ ಮುದುಕಿಯಾದ ಮೇಲೆ ಹೇಳಿಕೊಂಡಳಂತೆ. ಆದರೆ ಆ ಹೊತ್ತಿಗೆ ತೆಪ್ಪ ನಡುಹೊಳೆಗೆ ಬಂದಿತ್ತು, ಹಿಂದಿರುಗಿ ನೋಡಲು ಬಿಗುಮಾನ ಅಡ್ಡ ಬಂತು. ಆಮೇಲಿನ ವರ್ಷಗಳಲ್ಲಿ ಎಷ್ಟೋ ಸಲ ಹಟ್ಟಿಗೆ ಹೋಗಿ ಮಗಳನ್ನು ನೋಡಿ ಬರಬೇಕೆಂದುಕೊಂಡಳು. ಹಬ್ಬ ಬಂದಾಗ ಬುತ್ತಿ ಕಟ್ಟಿ, ಮತ್ತೆ ಬಿಚ್ಚಿ ತಾವೇ ಉಂಡದ್ದೂ ಉಂಟು. ಮಗಳೇ ಬರಲಿ, ಬಂದು ಒಂದು ಸಲ ಕೂಗಲಿ, ಕೂಗು ಮುಗಿಯುವುದರೊಳಗೆ ಓಗೊಡುತ್ತೇನೆ ಎಂದು ಗಂಡನ ಮುಂದೆ ಹೇಳುತ್ತಿದ್ದಳು. ಮಗಳು ಬರಲಿಲ್ಲ. ಓಗೊಡುವುದಿಲ್ಲ ಎಂದ ಮನೆಗೆ ಹೇಗೆ ಬಂದಾಳು? ಇಬ್ಬರೂ ಹೊಳೆಯ ಎರಡು ಕಡೆ ಒಬ್ಬರನ್ನೊಬ್ಬರು ನೆನೆಯುತ್ತ ಕಾದು ಕೂತರು. ಈ ಭಾಗವನ್ನು ಹೇಳುವಾಗ ಗುರುಮಲ್ಲಮ್ಮ ನನ್ನ ಮೇಲೇ ರೇಗಿದರು, ನಾನೇ ಅವರನ್ನು ಬೇರೆ ಮಾಡಿದ ಹಾಗೆ.

ಹೀಗಿರುವಾಗ ಬೆಟ್ಟಕ್ಕೆ ಒಂದು ಜ್ವರ ಬಂತು. ಎಂಥ ಜ್ವರವೋ ಹೇಳುವವರಿಲ್ಲ. ಮೈ ಕಾದು, ನಾಲಗೆ ಒಣಗಿ, ಜನ ಮಾತು ತಪ್ಪಿ ಸಾಯುತ್ತಿದ್ದರು. ಮೊದಲು ಮಕ್ಕಳು ಹೋದವು. ಊರಿನವರು ಇದು ಕೂಗುಮಾರಿಯ ಕೆಲಸ ಎಂದರು. ಕೂಗುಮಾರಿಯ ವಿಷಯ ಈ ಸೀಮೆಯವರಿಗೆ ಹೊಸದಲ್ಲ. ಅವಳು ಊರ ಗಡಿಯಲ್ಲಿ ನಿಂತು ನಮಗೆ ಬೇಕಾದವರ ದನಿಯಲ್ಲಿ ನಮ್ಮನ್ನು ಕೂಗುತ್ತಾಳೆ. ಓಗೊಟ್ಟವರ ಬೆನ್ನು ಹತ್ತಿ ಊರೊಳಗೆ ಬರುತ್ತಾಳೆ ಎಂಬುದು ಹಿಂದಿನಿಂದ ಬಂದ ನಂಬಿಕೆ. ಅದೇ ದಿನಗಳಲ್ಲಿ ಒಂದು ಸಂಜೆ, ಹೊನ್ನಾಜಿ ಸೌದೆಗೆ ಹೋಗಿದ್ದಾಗ, ಕೆಂಡಗಣ್ಣನಿಗೆ ಆಚೆ ದಡದಿಂದ 'ಅಪ್ಪಾ' ಎಂದ ಹಾಗಾಯಿತು. ಅವನು ಓಗೊಟ್ಟು ತೆಪ್ಪ ಹಾಕಿಕೊಂಡು ಹೋದ. ಆಚೆ ಯಾರೂ ಇರಲಿಲ್ಲ. ದಡದುದ್ದಕ್ಕೂ ಮಗಳ ಹೆಸರು ಹಿಡಿದು ಕರೆದು, ಕಾಲುದಾರಿಯಲ್ಲಿ ಒಂದಷ್ಟು ದೂರ ಹುಡುಕಿ, ಒಬ್ಬನೇ ಹಿಂದಿರುಗಿದ. ಬೆಳಗಾಗುವಷ್ಟರಲ್ಲಿ ಮೈ ಸುಡುತ್ತಿತ್ತು. ನಾಲ್ಕಾರು ದಿನದಲ್ಲಿ ತೀರಿಕೊಂಡ. ಜ್ವರ ಆಗಲೇ ಅವನ ಮೈಯಲ್ಲಿದ್ದು, ಕಾವು ನೆತ್ತಿಗೇರಿದ್ದರಿಂದಲೇ ಮಗಳ ದನಿ ಕೇಳಿಸಿತು ಎಂದು ನನಗೆ ತೋರುತ್ತದೆ. ಹಂಬಲವಿದ್ದವನಿಗೆ ಜ್ವರದಲ್ಲಿ ಕೇಳಿಸುವುದು ಹಂಬಲಿಸಿದ ದನಿಯೇ ತಾನೆ. ಆದರೆ ಊರು ಬೇರೆ ರೀತಿ ತಿಳಿಯಿತು. ಮಾರಿ ಮಗಳ ದನಿಯಲ್ಲಿ ಕೂಗಿದಳು, ಕೆಂಡಗಣ್ಣ ಓಗೊಟ್ಟ, ತೆಪ್ಪದ ಮೇಲೆ ಅವಳನ್ನು ಕೂರಿಸಿಕೊಂಡು ಬಂದ ಎಂದು ಮನೆಮನೆಯಲ್ಲೂ ಮಾತಾಯಿತು.

ಊರ ಯಜಮಾನ ಬೊಪ್ಪೇಗೌಡ ಕೆಟ್ಟವನಲ್ಲ. ಅವನದೇ ಇಬ್ಬರು ಮೊಮ್ಮಕ್ಕಳು ಆ ಜ್ವರದಲ್ಲಿ ಹೋಗಿದ್ದರು. ಅವನು ಊರನ್ನು ಸೇರಿಸಿ ಒಂದು ಕಟ್ಟು ಮಾಡಿದ. ಕಾಣದ ಜಾಗದಿಂದ ಕೂಗು ಬಂದರೆ ಮೊದಲ ಕೂಗಿಗೆ ಓಗೊಡಕೂಡದು, ಎರಡನೆಯದಕ್ಕೂ ಕೂಡದು, ಮೂರನೆಯದಕ್ಕೆ ಮಾತ್ರ ಓ ಎನ್ನಬೇಕು. ಮಾರಿಗೆ ಎರಡಕ್ಕಿಂತ ಹೆಚ್ಚು ಕೂಗುವ ಶಕ್ತಿಯಿಲ್ಲ, ಮೂರು ಸಲ ಕೂಗುವವರು ಮನುಷ್ಯರೇ ಎಂಬುದು ಅದರ ಗುಟ್ಟು. ಬಾಯಿ ಮುಚ್ಚಿಕೊಂಡು ತೆಪ್ಪ ಬಿಟ್ಟರೂ ಓಗೊಟ್ಟ ಹಾಗೆಯೇ. ಇನ್ನೂ ಒಂದು ಮಾತು ಸೇರಿಸಿದ: ಈ ಕಟ್ಟನ್ನು ಹೊರಗಿನವರಿಗೆ, ಅವರು ಎಷ್ಟೇ ಹತ್ತಿರದ ನೆಂಟರಾಗಿರಲಿ, ಹೇಳಕೂಡದು. ಹೇಳಿದರೆ ಗಾಳಿಯಲ್ಲಿ ಮಾತು ಹೋಗಿ ಮಾರಿಯ ಕಿವಿಗೆ ಬಿದ್ದೀತು, ಅವಳೂ ಮೂರು ಸಲ ಕೂಗುವುದನ್ನು ಕಲಿತಾಳು. ಓಗೊಡುವ ಮನೆಯಲ್ಲಿ ಈಗ ಹೊನ್ನಾಜಿ ಒಬ್ಬಳೇ. ಅವಳು ಗಂಡನ ಗೋರಿಯ ಮಣ್ಣು ಮುಟ್ಟಿ ಆಣೆ ಮಾಡಿದಳು. ಅವಳಿಗೆ ತನ್ನ ಪ್ರಾಣದ ಆಸೆ ಇರಲಿಲ್ಲ. ತನ್ನ ಮನೆಯ ತೆಪ್ಪದಿಂದಲೇ ಊರಿನ ಇನ್ನಷ್ಟು ಮಕ್ಕಳು ಸತ್ತವು ಎಂಬ ಮಾತು ಕಿವಿಗೆ ಬಿದ್ದು, ಅದು ಮತ್ತೆ ಆಗಬಾರದೆಂದು ಅಂಜಿದ್ದಳು.

ಈ ಕಟ್ಟಿನಿಂದ ದಾರಿಹೋಕರಿಗೆ ತೊಂದರೆಯೇನೂ ಆಗಲಿಲ್ಲ. ಅರಿಯದ ಜನ ಓಗೊಡುವವರೆಗೂ ಕೂಗುತ್ತಲೇ ಇರುತ್ತಾರೆ. ಬೈದುಕೊಂಡಾದರೂ ಮೂರನೆಯ ಸಲ ಕೂಗುತ್ತಾರೆ. ಹೊನ್ನಾಜಿ ಮೂರನೆಯದಕ್ಕೆ ಓ ಎಂದು ತೆಪ್ಪ ಬಿಡುತ್ತಿದ್ದಳು. ಆ ಮನೆ ಮೊದಲ ಕೂಗಿಗೇ ಓಗೊಡುತ್ತದೆ, ಎರಡನೆಯದರವರೆಗೆ ಕಾಯಿಸುವುದಿಲ್ಲ ಎಂಬುದನ್ನು ಚೆನ್ನಾಗಿ ತಿಳಿದಿದ್ದ ಒಬ್ಬರಿಗೆ ಮಾತ್ರ ಈ ಕಟ್ಟು ಅಪಾಯದ್ದಾಗಿತ್ತು. ಅಂಥವಳು ಬೆಟ್ಟದಾಚೆ ಒಬ್ಬಳೇ ಇದ್ದಳು. ಬೊಪ್ಪೇಗೌಡನಿಗಾಗಲಿ ಹೊನ್ನಾಜಿಗಾಗಲಿ ಅದು ಹೊಳೆಯಲಿಲ್ಲ.

ಜ್ವರ ಇಳಿದು ಜನ ಸಂತೆಗೆ ಓಡಾಡತೊಡಗಿದ ಮೇಲೆ ನೀಲಿಗೆ ತಂದೆ ಸತ್ತ ಸುದ್ದಿ ತಿಳಿಯಿತು. ಸುದ್ದಿ ತಂದವನು ಉಪ್ಪು ಮಾರುವವನು, ಅವನಿಗೆ ಸಾವಿನ ಸುದ್ದಿ ಗೊತ್ತಿತ್ತೇ ಹೊರತು ಊರಿನ ಕಟ್ಟು ಗೊತ್ತಿರಲಿಲ್ಲ. ನೀಲಿ ಆ ದಿನ ಒಲೆ ಹಚ್ಚಲಿಲ್ಲವಂತೆ. ಮಾರನೆಯ ನಸುಕಿಗೆ ಗಂಡನ ಅಕ್ಕ ದುಂಡವ್ವನನ್ನು ಜೊತೆಗೆ ಕರೆದುಕೊಂಡು ಹೊರಟಳು. ತಾಯಿಗೆಂದು ತಾನೇ ನೂಲು ತೆಗೆದು ನೇಯಿಸಿ ಇಟ್ಟಿದ್ದ ಕರಿ ಕಂಬಳಿಯನ್ನು ಗಂಟು ಕಟ್ಟಿಕೊಂಡಿದ್ದಳು. ದಾರಿಯಲ್ಲಿ ದುಂಡವ್ವ, ನಿಮ್ಮವ್ವ ಆವತ್ತು ಅಂದದ್ದನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಡ ಎಂದು ಸಮಾಧಾನ ಹೇಳಿದಳು. ನೀಲಿ ನಕ್ಕು, ಅವ್ವ ಬೈಯುವುದು ಬಾಯಿಂದ, ಅವಳಿಗೆ ಓ ಎನ್ನದೆ ಇರಲು ಬರುವುದಿಲ್ಲ, ಒಂದು ಕೂಗಿಗೆ ಕರಗಿ ಬರುತ್ತಾಳೆ ನೋಡು ಎಂದಳಂತೆ.

ಅವರು ದಡಕ್ಕೆ ಬಂದಾಗ ಹೊತ್ತು ಮಾರುದ್ದ ಏರಿತ್ತು. ಆದರೆ ಹೊಳೆಯ ಮೇಲೆ ಮಂಜು ಕವಿದು ಆಚೆಯದು ಈಚೆಗೆ ಕಾಣುತ್ತಿರಲಿಲ್ಲ. ನೀಲಿ ನೀರಿನ ಅಂಚಿಗೆ ಹೋಗಿ ನಿಂತು, ಎರಡು ಕೈಯನ್ನೂ ಬಾಯಿಗೆ ಹಿಡಿದು 'ಅವ್ವಾ' ಎಂದು ಕೂಗಿದಳು. ಈಚೆ ಹೊನ್ನಾಜಿ ಹಿತ್ತಿಲಿನಲ್ಲಿ ಅವರೆಬಳ್ಳಿ ಕಟ್ಟುತ್ತಿದ್ದಳು. ಕೂಗು ಕಿವಿಗೆ ಬಿದ್ದದ್ದೇ ಬಳ್ಳಿಯನ್ನು ಅಲ್ಲೇ ಬಿಟ್ಟಳು. ಓಡಿ ಬಂದು ಮೂಲೆಯಲ್ಲಿ ಒರಗಿಸಿದ್ದ ಗಳವನ್ನು ತೆಗೆದುಕೊಂಡು ದಡಕ್ಕೆ ಇಳಿದಳು, ಅದರ ತುದಿ ತೆಪ್ಪದ ಬಿದಿರಿಗೆ ತಗುಲಿ ಟಕ್ಕೆಂದಿತು. ತೆಪ್ಪದ ಹಗ್ಗ ಬಿಚ್ಚಿ ಒಂದು ಕಾಲನ್ನು ತೆಪ್ಪದ ಮೇಲಿಟ್ಟಳು. ಬಾಯಿಯವರೆಗೆ ಬಂದ 'ಓ' ಅಲ್ಲಿಗೇ ನಿಂತಿತು. ಇದೇ ದನಿಗೆ ಗಂಡ ಹೋಗಿದ್ದ. ದನಿ ಮಗಳದೇ ಆಗಿದ್ದಷ್ಟೂ ಅದನ್ನು ನಂಬಬಾರದು. ಆಗ ಎರಡನೆಯ ಕೂಗು ಬಂತು. 'ಅವ್ವಾ, ನಾನು ಕಣವ್ವಾ' ಎಂದು. ಹೊನ್ನಾಜಿ ಸೆರಗಿನ ತುದಿಯನ್ನು ಬಾಯಿಗೆ ತುರುಕಿಕೊಂಡಳು. ಇನ್ನೊಂದು ಕೂಗು, ನನ್ನ ತಾಯಿ, ಇನ್ನೊಂದೇ ಒಂದು ಕೂಗು ಕೂಗು ಎಂದು ಒಳಗೊಳಗೇ ಬೇಡುತ್ತ ಮಂಜಿನ ಕಡೆ ನೋಡುತ್ತ ನಿಂತಳು. ಮಂಜಿನ ಆ ಬದಿ ಸುಮ್ಮನಾಯಿತು.

ಆ ಬದಿಯಲ್ಲಿ ಏನಾಯಿತೆಂಬುದನ್ನು ಆಮೇಲೆ ದುಂಡವ್ವ ಹೇಳಿದ್ದು. ಎರಡನೆಯ ಸಲ ಕೂಗಿದ ಮೇಲೆ ನೀಲಿ ತುಂಬ ಹೊತ್ತು ಕಿವಿಗೊಟ್ಟು ನಿಂತಿದ್ದಳು. ಗಳ ತೆಪ್ಪಕ್ಕೆ ತಗುಲಿದ ಸದ್ದು ಅವಳಿಗೆ ಕೇಳಿಸಿತ್ತು. ಹುಟ್ಟಿದಾಗಿನಿಂದ ಕೇಳಿದ ಸದ್ದು, ಅದರಲ್ಲಿ ಅವಳಿಗೆ ಅನುಮಾನವಿರಲಿಲ್ಲ. ದುಂಡವ್ವ ಇನ್ನೊಂದು ಸಲ ಕೂಗು ಎಂದಳು. ನೀಲಿ ತಲೆಯಾಡಿಸಿದಳು.

"ಬ್ಯಾಡ ಕಣತ್ತಿಗೆ. ಅವ್ವ ಅಲ್ಲೇ ನಿಂತವ್ಳೆ, ಕೇಳುಸ್ಕಂಡೂ ಓ ಅನ್ನಲಿಲ್ಲ. ಅಂದ ಮಾತ ಉಳುಸ್ಕಂಡ್ಲು."

ಹಾಗಾದರೆ ಹಿಂದಿರುಗೋಣ ಎಂದಳು ದುಂಡವ್ವ. ನೀಲಿ ಒಪ್ಪಲಿಲ್ಲ. ಅವ್ವ ಮಾತಾಡದಿದ್ದರೆ ಬೇಡ, ಅಪ್ಪನ ಗೋರಿಗೆ ಒಂದು ಹಿಡಿ ಮಣ್ಣು ಹಾಕಿ ಈ ಕಂಬಳಿಯನ್ನು ಜಗಲಿಯ ಮೇಲಿಟ್ಟು ಬಂದುಬಿಡುತ್ತೇನೆ ಎಂದು ದಡದ ಮೇಲೇ ನಡೆದು ಸಾಲುಬಂಡೆಗಳ ಹತ್ತಿರ ಹೋದಳು. ಗಂಟು ನೆನೆದೀತೆಂದು ಅದನ್ನು ದುಂಡವ್ವನ ಕೈಗೆ ಕೊಟ್ಟು, ಮೊದಲು ನಾನು ದಾಟಿ ನೋಡುತ್ತೇನೆ ಎಂದಳು. ಆ ಬಂಡೆಗಳು ಅವಳಿಗೆ ಮನೆಯ ಮೆಟ್ಟಿಲಿದ್ದ ಹಾಗೆ, ಕಣ್ಣು ಮುಚ್ಚಿ ದಾಟಿದವಳು. ಆದರೆ ಹಿಂದಿನ ದಿನ ಮೇಲಿನ ಬೆಟ್ಟದಲ್ಲಿ ಮಳೆಯಾಗಿತ್ತು. ಬಂಡೆಗಳ ನೆತ್ತಿಯ ಮೇಲೆ ಬೆರಳುದ್ದದ ನೀರು ಹರಿಯುತ್ತಿತ್ತು. ಮಂಜಿನಲ್ಲಿ ನೀರು ಯಾವುದು, ಕಲ್ಲು ಯಾವುದು ತಿಳಿಯುವಂತಿರಲಿಲ್ಲ. ಹೊಳೆಯ ನಡುವಿಗೆ ಹೋದ ಮೇಲೆ ಅವಳ ಕಾಲು ಜಾರಿತು. ಅವಳು ಕೂಗಲಿಲ್ಲ, ಕೂಗುವಷ್ಟು ಹೊತ್ತನ್ನು ನೀರು ಕೊಡಲಿಲ್ಲ.

ತೆಪ್ಪದ ಮೇಲೆ ಒಂದು ಕಾಲಿಟ್ಟು ನಿಂತಿದ್ದ ಹೊನ್ನಾಜಿಗೆ ಆಗ ಮೂರನೆಯ ಕೂಗು ಕೇಳಿಸಿತು. ಅದು ಮಗಳದಲ್ಲ, ದುಂಡವ್ವನ ಚೀತ್ಕಾರ. ಹೊನ್ನಾಜಿ 'ಓ' ಎಂದಳು. ಬೆಟ್ಟವೆಲ್ಲ ಕೇಳುವ ಹಾಗೆ ಓ, ಓ ಎನ್ನುತ್ತಲೇ ತೆಪ್ಪವನ್ನು ಮಂಜಿನೊಳಕ್ಕೆ ನುಗ್ಗಿಸಿದಳು. ಆಚೆ ಹೋಗಿ ನೋಡಿದರೆ ದಡದಲ್ಲಿ ಒಬ್ಬ ಗುರುತಿಲ್ಲದ ಹೆಂಗಸು ಕಂಬಳಿಯ ಗಂಟನ್ನು ತಬ್ಬಿಕೊಂಡು ಕೂತಿದ್ದಳು.

ನೀಲಿಯ ದೇಹ ಆ ದಿನ ಮಧ್ಯಾಹ್ನ ಕೆಳಗಿನ ಮಡುವಿನಲ್ಲಿ ಸಿಕ್ಕಿತು. ತಂದೆಯ ಪಕ್ಕದಲ್ಲೇ ಮಣ್ಣು ಮಾಡಿದರು. ಊರಿನವರೆಲ್ಲ ಬಂದಿದ್ದರು. ಬೊಪ್ಪೇಗೌಡ ಹೊನ್ನಾಜಿಯ ಹತ್ತಿರ ಕೂತು, ನಿನ್ನ ತಪ್ಪಿಲ್ಲ ತಾಯಿ, ನೀನು ಕಟ್ಟು ಉಳಿಸಿದೆ, ಊರು ಉಳಿಸಿದೆ, ಇದೂ ಆ ಕೂಗುಮಾರಿಯ ಆಟವೇ ಎಂದು ಸಂತೈಸಲು ನೋಡಿದ. ಅಲ್ಲಿಯವರೆಗೆ ಅವಳು ಅತ್ತಿರಲಿಲ್ಲ. ಆಗಲೂ ಅಳದೆ ಅವನ ಮುಖ ನೋಡಿ ಕೇಳಿದಳು.

"ಕೂಗ್ದೋಳು ಮಾರಿ ಅಲ್ಲ ಗೌಡ್ರೇ, ನನ್ನ ಮಗ್ಳು. ಕೇಳುಸ್ಕಂಡು ಬಾಯಿ ಮುಚ್ಕಂಡಿದ್ದೋಳು ನಾನು. ಈಗ ನೀವೇ ಹೇಳಿ, ಮಾರಿ ಯಾರು?"

ಯಜಮಾನ ತಲೆಯ ರುಮಾಲು ತೆಗೆದು ನೆಲದ ಮೇಲಿಟ್ಟು, ತಾನು ಹಾಕಿದ ಕಟ್ಟನ್ನು ಅಲ್ಲೇ ಮುರಿದ. ಕಟ್ಟು ಮುರಿದರೂ ಮಗಳು ಬರುವುದಿಲ್ಲ ಎಂಬುದು ಅವನಿಗೂ ಗೊತ್ತಿತ್ತು, ಪಾಪ. ಅವನು ಮತ್ತೆ ಯಜಮಾನಿಕೆಯ ಜಗಲಿಯ ಮೇಲೆ ಕೂರಲಿಲ್ಲವಂತೆ.

ಹೊನ್ನಾಜಿ ಆಮೇಲೆ ಬಹಳ ಕಾಲ ಬದುಕಿದಳು. ಅಷ್ಟು ಬದುಕಿದ್ದೇ ಅವಳಿಗೆ ದೊಡ್ಡ ಶಿಕ್ಷೆ ಎಂದು ಗುರುಮಲ್ಲಮ್ಮನ ಅಜ್ಜಿ ಹೇಳುತ್ತಿದ್ದರಂತೆ. ತೆಪ್ಪದಲ್ಲಿ ದಾಟುವವರು ಏನು ಕೇಳಿದರೂ ಅವಳಿಗೆ ಹೇಳಲು ಒಂದೇ ಮಾತು: ನನ್ನ ಮಗಳು ಎರಡೇ ಕೂಗು ಕೂಗಿದಳು. ಹೊಳೆ ಎಷ್ಟು ಆಳವಿದೆ ಅಮ್ಮಾ ಎಂದರೂ ಅದೇ, ಹಟ್ಟಿಯ ದಾರಿ ಯಾವುದು ಎಂದರೂ ಅದೇ. ಕೇಳಿ ಕೇಳಿ ದಾರಿಹೋಕರು ಮೊದಲು ಆ ದಡವನ್ನು, ಆಮೇಲೆ ಇಡೀ ಹೊಳೆಯನ್ನು ಇಕ್ಕೂಗು ಎಂದರು. ಹಾಲ್ದೊರೆ ಎಂಬ ಹೆಸರು ಮರೆತೇಹೋಯಿತು. ದೂರದಿಂದ ಯಾರು ಏನು ಕೂಗಿದರೂ ಅವಳು ಓ ಎನ್ನುತ್ತಿದ್ದಳು. ದನ ಕಾಯುವವನು ದನವನ್ನು ಕರೆದರೆ ಓ, ನವಿಲು ಕೂಗಿದರೆ ಓ, ಗಾಳಿಗೆ ಬಿದಿರು ಕಿರುಗುಟ್ಟಿದರೂ ಓ. ಹಿಂದೆ ಅವಳನ್ನು ಛೇಡಿಸಿದ್ದ ಹೆಂಗಸರು ಈಗ ನೀರಿಗೆ ಬಂದಾಗ ಕೊಡ ಕೆಳಗಿಟ್ಟು ಅಳುತ್ತಿದ್ದರು. ಕೊನೆಗಾಲದಲ್ಲಿ ದನಿ ಬಿದ್ದುಹೋಗಿ ಅವಳ ತುಟಿ ಮಾತ್ರ ಅಲುಗುತ್ತಿತ್ತು. ಅದನ್ನು ನೋಡಲಾರದೆ, ನೆರೆಗೆ ಬಂದು ನೆಲೆಸಿದ್ದ ಮನೆಯ ಹೆಂಗಸೊಬ್ಬಳು ಅವಳ ಬದಲಿಗೆ ಓ ಎಂದಳು. ಹೊನ್ನಾಜಿ ಅವಳ ಕೈಯನ್ನು ಹಿಡಿದುಕೊಂಡಳು. ಮಾರನೆಯ ದಿನ ಹೊಲದಲ್ಲಿದ್ದವರು ಓ ಎಂದರು. ಹೊನ್ನಾಜಿ ತೀರಿಕೊಂಡ ಮೇಲೂ ಅವರು ಅದನ್ನು ನಿಲ್ಲಿಸಲಿಲ್ಲ.

ಕಥೆಗೆ ಬೇರೆ ಮುಗಿತಾಯ ಕೊಡುವವರೂ ಇದ್ದಾರೆ. ನೀಲಿ ಹೊಳೆಯಲ್ಲಿ ಲೀನವಾಗಿ ದೇವತೆಯಾದಳು, ಅಮಾವಾಸ್ಯೆಯ ದಿನ ಕಿವಿಗೊಟ್ಟರೆ ಅವಳ ಎರಡು ಕೂಗು ಕೇಳಿಸುತ್ತದೆ ಎಂದು ಅವರು ಹೇಳುತ್ತಾರೆ. ನನಗೆ ಆ ಪಾಠ ಹಿಡಿಸುವುದಿಲ್ಲ. ಸತ್ತ ಮಗಳನ್ನು ದೇವರು ಮಾಡಿ ಕೈ ಮುಗಿದುಬಿಟ್ಟರೆ ನಮಗೆ ಹಗುರವಾಗುತ್ತದೆ, ನಿಜ. ಆದರೆ ಬಿದಿರುಮಾಳದವರು ಅವಳಿಗೆ ಗುಡಿ ಕಟ್ಟಿಲ್ಲ. ಏಕೆಂದು ಕೇಳಿದರೆ, ಅವಳು ಬಂದದ್ದು ಪೂಜೆಗಲ್ಲ, ಅಪ್ಪನ ಗೋರಿ ನೋಡಿಕೊಂಡು ಅವ್ವನ ಹತ್ತಿರ ಕೂತು ಅಳಲು ಎನ್ನುತ್ತಾರೆ.

ಈಗ ರಜೆಯ ದಿನಗಳಲ್ಲಿ ಪಟ್ಟಣದ ಕಡೆಯಿಂದ ಜನ ಈ ಹೊಳೆ ನೋಡಲು ಬರುತ್ತಾರೆ. ಬೆಟ್ಟದ ನಡುವೆ ಬಂದ ಜನ ಮಾಡುವ ಮೊದಲ ಕೆಲಸ ಗಟ್ಟಿಯಾಗಿ ಕೂಗುವುದು. ನಾನು ಗುರುಮಲ್ಲಮ್ಮನ ಅಡಿಗೆಮನೆಯಲ್ಲಿ ಕೂತು ಈ ಕಥೆ ಕೇಳುತ್ತಿದ್ದ ದಿನವೂ ಕಾಲೇಜಿನ ಹುಡುಗರ ಒಂದು ಗುಂಪು ಆಚೆ ದಡಕ್ಕೆ ಹೋಗಿತ್ತು. ಅವರಲ್ಲೊಬ್ಬ ಜೊತೆಯವನ ಹೆಸರು ಹಿಡಿದು ಕೂಗಿದ. ಗುರುಮಲ್ಲಮ್ಮ ಹಂಚಿನ ಮೇಲಿನ ರೊಟ್ಟಿ ತಿರುವುತ್ತ, ಆಡುತ್ತಿದ್ದ ಮಾತನ್ನು ಅರ್ಧಕ್ಕೇ ಬಿಟ್ಟು 'ಓ' ಎಂದರು. ಹೊರಗೆ ರಾಗಿ ಹೊಲದಿಂದ ಒಂದು ಓ ಬಂತು, ಮೇಲಿನ ಕೇರಿಯಿಂದ ಇನ್ನೊಂದು. ಹುಡುಗರು ನಕ್ಕರು, ಚಪ್ಪಾಳೆ ತಟ್ಟಿದರು. ಆಮೇಲೆ ಬಸ್ಸಿಗೆ ಕಾಯುತ್ತ ನಿಂತಾಗ, ಇಲ್ಲಿಯ ಹಾಗೆ ಪ್ರತಿಧ್ವನಿ ಬೇರೆಲ್ಲೂ ಇಲ್ಲ ಎಂದು ನನ್ನ ಮುಂದೆಯೇ ಮೆಚ್ಚಿಕೊಂಡರು. ಪ್ರತಿಧ್ವನಿಯಾದರೆ ಅವರ ಮಾತೇ ಹಿಂದಿರುಗಬೇಕಿತ್ತು ಎಂಬುದು ಒಬ್ಬನಿಗೂ ಹೊಳೆದಿರಲಿಲ್ಲ. ಮುಂದಿನ ಸಲ ಹೋದಾಗ ನಾನು ಗುರುಮಲ್ಲಮ್ಮನನ್ನು ಕೇಳಿದೆ, ಅದು ನೀವೇ ಎಂದು ಅವರಿಗೆ ಹೇಳಬಾರದೇ ಎಂದು.

"ಯಾಕಪ್ಪ ಹೇಳ್ಬೇಕು? ಅವ್ರು ಕೂಗುದ್ರು, ನಾವು ಓ ಅಂದೊ. ಅಷ್ಟಾದ್ರೆ ಸಾಕು."

ಇಂದಿಗೂ ಅಲ್ಲಿಗೆ ಹೋದವರು ಇದನ್ನು ಪರೀಕ್ಷಿಸಬಹುದು. ಮಂಜಿರಲಿ, ಬಿಸಿಲಿರಲಿ, ಆಚೆ ದಡದಲ್ಲಿ ನಿಂತು ಯಾರ ಹೆಸರನ್ನಾದರೂ ಕೂಗಿರಿ. ಹೆಸರು ಯಾರದೆಂದು ಈಚೆಯವರು ವಿಚಾರಿಸುವುದಿಲ್ಲ. ಇಕ್ಕೂಗಿನ ಹೊಳೆಯ ದಡದಲ್ಲಿ ಎರಡನೆಯ ಸಲ ಕೂಗಬೇಕಾಗಿ ಬಂದವರನ್ನು ನೀಲಿಯ ನಂತರ ಯಾರೂ ಕಂಡಿಲ್ಲ.